ಅಕ್ಕನ ಸಾವು ಯಾವ ಊರಿನದು

ಸತ್ತವರ ಹೆಸರು ಬರೆದುಕೊಳ್ಳುವುದು ನನ್ನ ನೌಕರಿಯ ಒಂದು ಭಾಗ. ನಾನು ಗ್ರಾಮ ಆಡಳಿತಾಧಿಕಾರಿ. ಊರವರ ಬಾಯಲ್ಲಿ ಇನ್ನೂ ಹಳೇ ವಿಲೇಜ್ ಅಕೌಂಟೆಂಟು, ವಿ.ಎ. ಮೇಡಮ್ಮು. ಪಹಣಿ, ಬೆಳೆ ಸಮೀಕ್ಷೆ, ವಿಧವಾ ಪಿಂಚಣಿಯ ಅರ್ಜಿಗಳ ನಡುವೆ ಹುಟ್ಟು ಸಾವಿನ ನೋಂದಣಿಯೂ ನನ್ನ ಮೇಜಿನ ಮೇಲೇ ನಡೆಯುತ್ತದೆ. ದೊಡ್ಡಬೆಳವಂಗಲದ ಆಚೆಗಿನ ಐದು ಊರುಗಳು ನನ್ನ ಸರ್ಕಲ್ಲು. ಅದರಲ್ಲಿ ಒಂದು ಊರಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ನನಗೆ ಅಲ್ಲಿಗೆ ವರ್ಗವಾದ ದಿನ ಅವಳು ಹಾಲಿನ ಡೈರಿಯ ಮುಂದೆ ನಿಂತು ಎಲ್ಲರಿಗೂ ಸಾರಿದ್ದಳಂತೆ: "ನಮ್ಮ ಚಿಕ್ಕೋಳೇ ಬರ್ತಾವ್ಳೆ. ಇನ್ಮೇಲೆ ಸರ್ಟಿಫಿಕೇಟ್‌ಗೆ ಅಂತ ಯಾರೂ ಅಲೀಬೇಕಾಗಿಲ್ಲ."

ಅಕ್ಕ ಓದಿದ್ದು ಏಳನೇ ಕ್ಲಾಸು. ನಾನು ಡಿಗ್ರಿ ಮುಗಿಸಿದ್ದು ಅವಳ ಹಟದಿಂದ. ಅಪ್ಪ ನನಗೆ ಗಂಡು ನೋಡುತ್ತೇನೆಂದಾಗ ತನ್ನ ಗಂಡನ ಮನೆಯಿಂದ ಬಸ್ಸು ಹತ್ತಿ ಬಂದು, "ಅವ್ಳು ಓದೋವರ್ಗೂ ಯಾವನ್ನಾದ್ರೂ ಕರ್ಕೊಂಡು ಬಂದ್ರೆ ನಾನೇ ಬಾಗ್ಲಲ್ಲಿ ನಿಂತು ಓಡಿಸ್ತೀನಿ" ಎಂದು ಹೇಳಿ, ಊಟವನ್ನೂ ಮಾಡದೆ ವಾಪಸ್ಸು ಹೋದವಳು. ಐವತ್ತೆರಡಾದರೂ ಎರಡು ಸೀಮೆಹಸುಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಕಾಯಿಲೆ ಅಂತ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಎರಡು ವರ್ಷದ ಹಿಂದೆ, ರಾಗಿ ಕೊಯ್ಲು ಮುಗಿದು ಅವರೆಕಾಯಿ ಬಂದಿದ್ದ ಕಾಲ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದ ಅಕ್ಕ ಜಗಲಿಯ ಮೇಲೆ ಕೂತು ಎದೆ ಉಜ್ಜಿಕೊಂಡಳಂತೆ. ಭಾವ ಕೇಳಿದ್ದಕ್ಕೆ, "ಅವರೆಕಾಳು ಸಾರು ಜಾಸ್ತಿ ತಿಂದ್ಬಿಟ್ಟೆ, ಗ್ಯಾಸು" ಅಂದಳಂತೆ. ಸೋಡಾ ಕುಡಿದಳು. ಬೆವರು ನಿಲ್ಲಲಿಲ್ಲ. ಹತ್ತು ಗಂಟೆಗೆ ಎಡಗೈ ಸೆಳೆಯತೊಡಗಿದಾಗ ಭಾವ ನನಗೆ ಆಫೀಸಿಗೆ ಫೋನು ಮಾಡಿದರು. ನಾನು ಆಂಬುಲೆನ್ಸಿಗೆ ಮಾಡಿದೆ. ಹತ್ತಿರದ ಗಾಡಿ ದಾಬಸ್‌ಪೇಟೆಯ ಹೆದ್ದಾರಿಯಲ್ಲಿ ಅಪಘಾತಕ್ಕೆ ಹೋಗಿದೆ, ಬೇರೆಯದನ್ನು ಕಳಿಸುತ್ತೇವೆ, ಮುಕ್ಕಾಲು ಗಂಟೆಯಾಗಬಹುದು ಎಂದರು. ಹೆದ್ದಾರಿಯಲ್ಲಿ ಬಿದ್ದವನಿಗೂ ಅದು ಬೇಕಿತ್ತು. ಆ ಬಗ್ಗೆ ನನಗೆ ತಕರಾರಿಲ್ಲ. ಇಷ್ಟು ಕಾರ್ಖಾನೆ, ಇಷ್ಟು ಲಾರಿ, ಇಷ್ಟು ಊರುಗಳ ನಡುವೆ ಆ ಹೊತ್ತಿಗೆ ಕೈಗೆ ಸಿಗುವಂಥದ್ದು ಅದೊಂದೇ ಏಕೆ ಎಂಬುದು ನನ್ನ ತಕರಾರು.

ಪಕ್ಕದ ಮನೆಯವನು ತರಕಾರಿ ಹೊಡೆಯುವ ತನ್ನ ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಕಿದ. ಭಾವ ದುಡ್ಡು ಹೊಂದಿಸಿಕೊಂಡು ಹಿಂದೆ ಬರುತ್ತೇನೆಂದು ಊರಲ್ಲೇ ಉಳಿದರು. ದಾರಿಯಲ್ಲಿ ನಾನು ಹತ್ತಿಕೊಂಡೆ. ಅಕ್ಕ ನನ್ನನ್ನು ನೋಡಿ, "ಆಫೀಸ್ ಬಿಟ್ಟು ಯಾಕ್ ಬಂದ್ಯೇ?" ಎಂದು ಗದರಿದಳು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನಮ್ಮ ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವರು. ಕೂಡಲೇ ಇಸಿಜಿ ತೆಗೆದರು. ಕಾಗದ ನೋಡುತ್ತಲೇ ನನ್ನನ್ನು ಪಕ್ಕಕ್ಕೆ ಕರೆದರು. "ಹಾರ್ಟ್ ಅಟ್ಯಾಕು ಮೇಡಂ. ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ಈಗ್ಲೇ ಕೊಡ್ಬೇಕು. ಆದ್ರೆ ಹೋದ ವಾರವೇ ಖಾಲಿಯಾಗಿದೆ, ಬರ್ದು ಕಳ್ಸಿದೀವಿ, ಇನ್ನೂ ಬಂದಿಲ್ಲ."

"ಹೊರಗಡೆ ಮೆಡಿಕಲ್ಲಲ್ಲಿ ತರ್ಲಾ?"

ಅವರು ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರು. ಪೇಟೆಯ ಮೂರು ಅಂಗಡಿ ಸುತ್ತಿದೆ. ಯಾರಲ್ಲೂ ಇರಲಿಲ್ಲ. ವಾಪಸ್ಸು ಬರುವಷ್ಟರಲ್ಲಿ ಡಾಕ್ಟರು ಬೇರೊಂದು ಆಂಬುಲೆನ್ಸನ್ನು ಕಾಡಿ ಬೇಡಿ ತರಿಸಿದ್ದರು. "ಬೆಂಗಳೂರಿಗೆ ಹೊರಡಿ, ನಿಲ್ಬೇಡಿ" ಎಂದರು. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ನಗರದ ಮೊದಲ ಫ್ಲೈಓವರಿನ ಕೆಳಗೆ ಗಾಡಿ ನಿಂತುಬಿಟ್ಟಿತು. ಸೈರನ್ ಕೂಗುತ್ತಲೇ ಇತ್ತು, ಮುಂದಿನ ಕಾರುಗಳಿಗೆ ಸರಿಯಲು ಜಾಗವಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು, "ಹಸುಗೆ ನೀರು ಇಟ್ಟಿಲ್ಲ ಕಣೇ, ನಿಮ್ಮ ಭಾವಂಗೆ ಫೋನ್ ಮಾಡು" ಎಂದಳು. ಅವಳು ನನ್ನ ಜತೆ ಆಡಿದ ಕೊನೆಯ ಮಾತು ಅದು. ನಗರದ ಆಸ್ಪತ್ರೆಯ ಮಂಚಕ್ಕೆ ಅವಳನ್ನು ಇಳಿಸಿದಾಗ ಮಧ್ಯಾಹ್ನ ಒಂದು ದಾಟಿತ್ತು. ಅಲ್ಲಿ ಎಲ್ಲವೂ ಇತ್ತು. ಡಾಕ್ಟರುಗಳು ಓಡಿ ಬಂದರು, ಯಂತ್ರಗಳು ಬಂದವು, ಆ ಇಂಜೆಕ್ಷನ್ನೂ ಇತ್ತು. ಬೆಳಿಗ್ಗೆ ಏಳಕ್ಕೆ ಬೇಕಿದ್ದುದೆಲ್ಲ ಒಂದೂಕಾಲಿಗೆ ಸಿಕ್ಕಿತು. ಹತ್ತು ನಿಮಿಷದೊಳಗೆ ಅಕ್ಕ ಹೋದಳು.

ಆ ಸಂಜೆ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ದೇಹ ಕೊಡುವ ಮೊದಲು ಆಸ್ಪತ್ರೆಯ ಗುಮಾಸ್ತ ಮರಣದ ಫಾರಂ ತುಂಬುತ್ತಿದ್ದ. ಸತ್ತವರು ಎಲ್ಲಿ ವಾಸವಾಗಿದ್ದರು ಎಂಬ ಕಾಲಂ ಅದರಲ್ಲಿದೆ. ನನಗೆ ಆ ಫಾರಂ ಬಾಯಿಪಾಠ. ಗುಮಾಸ್ತ, "ಲೋಕಲ್ ಅಡ್ರೆಸ್ ಇದ್ರೆ ಹೇಳಿ ಸಾರ್, ಸರ್ಟಿಫಿಕೇಟ್ ಬೇಗ ಸಿಗುತ್ತೆ" ಎಂದ. ಸುದ್ದಿ ತಿಳಿದು ಬಂದಿದ್ದ ಭಾವನ ತಮ್ಮ ಬೆಂಗಳೂರಿನ ಪೀಣ್ಯದಲ್ಲಿ ಬಾಡಿಗೆಗಿದ್ದಾನೆ. ಅವನು ತನ್ನ ವಿಳಾಸ ಕೊಟ್ಟ. ನಾನು ನಾಲ್ಕು ಅಡಿ ದೂರದಲ್ಲಿ ನೆಲದ ಮೇಲೆ ಕೂತಿದ್ದೆ. ಕೇಳಿಸಿತು. ಏಳಲಿಲ್ಲ. ಏಳುವ ಶಕ್ತಿ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೂರನೆಯ ದಿನ ಹಾಲುತುಪ್ಪ ಮುಗಿಸಿ ಬಂದ ಮೇಲೆ ಅಕ್ಕನ ಮಗಳು ನನ್ನ ಪಕ್ಕ ಕೂತಳು. ಅವಳಿಗೆ ಇಪ್ಪತ್ತೇಳು. ಸೋಂಪುರದ ಕಡೆ ಔಷಧಿ ದಾಸ್ತಾನಿಡುವ ಒಂದು ಗೋಡೌನಿನಲ್ಲಿ ಕೆಲಸ. ಕಂಪನಿ ಬಸ್ಸು ಊರಬಾಗಿಲಿಗೆ ಬಂದು ಕರೆದೊಯ್ಯುತ್ತದೆ. ಇಡೀ ದೇಶಕ್ಕೆ ಅಲ್ಲಿಂದ ಔಷಧಿ ಹೋಗುತ್ತದೆ ಎಂದು ಅಕ್ಕ ಜಂಬದಿಂದ ಹೇಳುತ್ತಿದ್ದಳು.

"ಚಿಕ್ಕಮ್ಮ, ಆವತ್ತು ಡಾಕ್ಟ್ರು ಕೊಟ್ಟ ಚೀಟಿ ಎಲ್ಲಿ?"

ಪರ್ಸಿನಿಂದ ತೆಗೆದುಕೊಟ್ಟೆ. ಅವಳು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದಳು.

"ಇದು ನಮ್ಮ ಕೋಲ್ಡ್ ರೂಮಲ್ಲಿ ಇದೆ. ನಾನು ವಾರಕ್ಕೆ ಎರಡು ಸಲ ಸ್ಕ್ಯಾನ್ ಮಾಡ್ತೀನಿ. ಐಸ್ ಬಾಕ್ಸಲ್ಲಿ ಇಟ್ಟು ದೇವನಹಳ್ಳಿ ಏರ್‌ಪೋರ್ಟಿಗೆ ಕಳಿಸ್ತೀವಿ. ಆವತ್ತೂ ಬೆಳಿಗ್ಗೆ ಕಳಿಸ್ದೆ." ಅವಳು ಅಳಲಿಲ್ಲ. "ಅಮ್ಮ ಗಾಡೀಲಿ ಹೋಗ್ತಿದ್ದಾಗ ನಾನು ಅದನ್ನೇ ಪ್ಯಾಕ್ ಮಾಡ್ತಿದ್ದೆ, ಚಿಕ್ಕಮ್ಮ."

ಆ ಗೋಡೌನು ನಿಂತಿರುವ ನೆಲದಲ್ಲಿ ನಾನು ಚಿಕ್ಕವಳಿದ್ದಾಗ ರಾಗಿ ಬೆಳೆಯುತ್ತಿದ್ದರು. ಹೊಲ ಕೊಡುವಾಗ ಅಭಿವೃದ್ಧಿ ಬರುತ್ತದೆ ಎಂದಿದ್ದರು. ಬಂದದ್ದು ನಿಜ. ಔಷಧಿ ಬಂತು, ನಮ್ಮ ಮನೆ ಮಗಳ ಕೈ ಮೇಲೇ ಹಾದು ಹೋಯಿತು. ಅವಳ ತಾಯಿಗೆ ಮಾತ್ರ ಸಿಗಲಿಲ್ಲ.

ತಿಂಗಳ ಕೊನೆಯಲ್ಲಿ ನಾನು ವರದಿ ಕಳಿಸಬೇಕು. ಸಾವು ಎಲ್ಲಿ ಸಂಭವಿಸಿತೋ ಅಲ್ಲಿ ನೋಂದಣಿಯಾಗಬೇಕೆಂಬುದು ನಿಯಮ. ಅಕ್ಕ ಸತ್ತದ್ದು ನಗರದಲ್ಲಿ. ನನ್ನ ಸರ್ಕಲ್ಲಿನಲ್ಲಿ ಆ ತಿಂಗಳು ಇದ್ದದ್ದು ಒಂದೇ ಸಾವು. ಒಡಿಶಾದಿಂದ ಬಂದು ಕಾರ್ಖಾನೆಯ ಕೆಲಸಕ್ಕಿದ್ದ ಒಬ್ಬ ಗಂಡಸು ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವನ ಹೆಸರು ಬರೆದೆ. ಮುಂದಿನ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಲ್ಲಿ ಅಕ್ಕನ ಹೆಸರಿಗೆ ಜಾಗವಿತ್ತು, ಬರೆಯುವ ಹಕ್ಕಿರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಪರಿಶೀಲನಾ ಸಭೆ. ಗೋಡೆಯ ಮೇಲೆ ನಕ್ಷೆ ಬಿಟ್ಟಿದ್ದರು. ಸಾವು ಹೆಚ್ಚಿರುವ ಕಡೆ ಕೆಂಪು, ಕಡಿಮೆ ಇರುವ ಕಡೆ ಹಸಿರು. ಬೆಂಗಳೂರು ಕೆಂಪಗೆ ಉರಿಯುತ್ತಿತ್ತು. ನಮ್ಮ ಕಡೆ ಹಸಿರು. ಸಭೆ ನಡೆಸುತ್ತಿದ್ದ ಅಧಿಕಾರಿಗಳು ಒಳ್ಳೆಯ ಮನಸ್ಸಿನವರು, ಹೊಸದಾಗಿ ಬಂದಿದ್ದವರು. "ಈ ಸರ್ಕಲ್ ನೋಡಿ, ಮೂರು ತಿಂಗಳಲ್ಲಿ ಒಂದೇ ಡೆತ್. ಹಳ್ಳಿ ಗಾಳಿ, ಹಳ್ಳಿ ಊಟ. ಇದನ್ನ ನಾವು ಸಿಟಿಯವರಿಗೆ ಹೇಳ್ಬೇಕು" ಎಂದು ನಕ್ಕರು. "ಮೇಡಂ, ಕಂಗ್ರಾಟ್ಸ್." ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಕರೆಯದೆ ನಾನು ಎದ್ದು ನಿಂತದ್ದು ಅದೇ ಮೊದಲು.

"ಸರ್, ನಮ್ಮವರು ಸಾಯ್ತಾರೆ. ಇಲ್ಲಿ ಆಗೋದಿಲ್ಲ ಅಂತ ಹೊರಡ್ತಾರೆ, ನಿಮ್ಮ ಬೆಂಗಳೂರಲ್ಲಿ ಹೋಗಿ ಸಾಯ್ತಾರೆ. ಅದಕ್ಕೇ ಅಲ್ಲಿ ಕೆಂಪು, ಇಲ್ಲಿ ಹಸಿರು."

ಅಧಿಕಾರಿಗಳು ಕನ್ನಡಕ ತೆಗೆದರು. "ಮೇಡಂ, ನಿಯಮ ಇರೋದೇ ಹಾಗೆ. ವಾಸದ ವಿಳಾಸ ಬೇರೆಯಾಗಿ ಬರ್ಕೊಳ್ತಾರಲ್ಲ? ಮೇಲೆ ಅದನ್ನ ನೋಡಿ ಲೆಕ್ಕ ಸರಿ ಮಾಡ್ತಾರೆ."

"ಆ ವಿಳಾಸದಲ್ಲಿ ಪೀಣ್ಯ ಅಂತ ಬರ್ದಿದ್ರೆ?"

"ಎಲ್ಲೋ ಒಂದು ಕೇಸ್ ಇರ್ಬಹುದು."

"ಎಷ್ಟು ಕೇಸ್ ಅಂತ ತಂದು ತೋರಿಸ್ತೀನಿ" ಎಂದು ಕೂತೆ. ಪಕ್ಕದ ಸರ್ಕಲ್ಲಿನವರು ಮೆಲ್ಲಗೆ, "ಯಾಕ್ ಮೇಡಂ ಮೈಮೇಲೆ ಎಳ್ಕೋತೀರಾ, ಹಸಿರು ಬಂದಿದೆಯಲ್ಲ, ಸುಮ್ನಿರಿ" ಎಂದರು.

ಅಂದಿನಿಂದ ಕಚೇರಿ ಮುಗಿದ ಮೇಲೆ ಊರೂರು ಸುತ್ತಿದೆ. ಆಶಾ ಕಾರ್ಯಕರ್ತೆ ಒಬ್ಬಳು ಜೊತೆಗೆ ಬಂದಳು. ಯಾವ ಮನೆಯಲ್ಲಿ ಯಾರು ಹೋದರೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಊರಿನವರಾಗಿದ್ದು, ಎಲ್ಲಿ ಸತ್ತರೂ ಸರಿ, ಅವರ ಹೆಸರು, ಏನಾಗಿತ್ತು, ಎಷ್ಟು ಹೊತ್ತಿಗೆ ಹೊರಟರು, ಎಲ್ಲಿ ಉಸಿರು ನಿಂತಿತು, ಫಾರಂನಲ್ಲಿ ಯಾವ ವಿಳಾಸ ಹೋಯಿತು, ಇಷ್ಟನ್ನು ಬರೆದುಕೊಂಡೆ. ಹಾವು ಕಚ್ಚಿದವಳು, ಹೆರಿಗೆಯ ನಂತರ ರಕ್ತ ನಿಲ್ಲದೆ ಹೋದ ಬಾಣಂತಿ, ಪಾರ್ಶ್ವವಾಯು ಹೊಡೆದ ಮೇಷ್ಟರು. ಒಂದೊಂದು ಮನೆಯಲ್ಲೂ ಒಂದೊಂದು ರಸ್ತೆಯ ಕಥೆ. ಆ ಸಿಗ್ನಲ್ಲಿನಲ್ಲಿ, ಆ ಟೋಲಿನ ಹತ್ತಿರ, ಆ ಆಸ್ಪತ್ರೆಯ ಗೇಟಿನಲ್ಲಿ. ಒಬ್ಬ ಅಜ್ಜ ಕೋಪದಿಂದಲೇ ಕೇಳಿದ: "ಬದುಕಿದ್ದಾಗ ಯಾರೂ ಬಂದು ಬರ್ಕೊಳ್ಲಿಲ್ಲ. ಸತ್ತ ಮ್ಯಾಲೆ ಬರ್ಕೊಂಡು ಏನ್ಮಾಡ್ತೀಯವ್ವಾ?" ಆಮೇಲೆ ಅವನೇ ಮಗನ ಹೆಸರು ಹೇಳಿದ.

ಒಡಿಶಾದವನು ಸತ್ತ ಕೋಣೆಗೂ ಹೋದೆ. ಅಲ್ಲಿ ಅವನ ತಮ್ಮ ಇನ್ನೂ ಇದ್ದ, ಅದೇ ಕಾರ್ಖಾನೆಯಲ್ಲಿ. ಐದು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಮಾತಾಡಿದ. ಅಣ್ಣನಿಗೆ ಜ್ವರ ನಾಲ್ಕು ದಿನವಿತ್ತು. ರಜೆ ಹಾಕಿದರೆ ಕೆಲಸ ಹೋಗುತ್ತದೆಂದು ಮೂರು ದಿನ ಹೋದ. ನಾಲ್ಕನೆಯ ದಿನ ಮಲಗಿದವನು, ಇವನು ಶಿಫ್ಟ್ ಮುಗಿಸಿ ಮಧ್ಯಾಹ್ನ ಬರುವಷ್ಟರಲ್ಲಿ ತಣ್ಣಗಾಗಿದ್ದ. ನಾನು ನಮ್ಮ ಕಡೆಯ ಆಸ್ಪತ್ರೆ, ಆಂಬುಲೆನ್ಸು ಎಂದೆಲ್ಲ ಬೈಯತೊಡಗಿದೆ. ಅವನು ನನ್ನನ್ನು ಬೆರಗಿನಿಂದ ನೋಡಿದ.

"ಇಲ್ಲಿ ಪರವಾಗಿಲ್ಲ ಮೇಡಂ. ರೋಡ್ ಇದೆ. ಫೋನ್ ಮಾಡಿದ್ರೆ ಯಾರಾದ್ರೂ ಎತ್ತುತ್ತಾರೆ. ನಮ್ಮ ಊರಲ್ಲಿ ಮಳೆಗಾಲ ಬಂದ್ರೆ ನದಿ ದಾಟೋಕೆ ಆಗಲ್ಲ. ನಮ್ಮ ತಂಗಿ ಹೋದಳು, ಚಿಕ್ಕಪ್ಪ ಹೋದರು. ಅಲ್ಲಿ ಯಾರೂ ಬರ್ಕೊಂಡಿಲ್ಲ. ನಮ್ಮ ಅಣ್ಣನ ಹೆಸರು ನೀವು ಬರ್ಕೊಂಡ್ರಲ್ಲ, ಅಮ್ಮ ಆ ಕಾಗದ ದೇವರ ಹತ್ರ ಇಟ್ಟಿದ್ದಾಳೆ."

ನಾನು ಅಷ್ಟು ದಿನ ನಗರದ ಕಡೆಗಷ್ಟೇ ನೋಡಿ ಕೋಪಿಸಿಕೊಳ್ಳುತ್ತಿದ್ದೆ. ನಮಗಿಂತ ಅಲ್ಲಿ ಚೆನ್ನಾಗಿದೆ, ಅಲ್ಲಿದ್ದಿದ್ದರೆ ಅಕ್ಕ ಉಳಿಯುತ್ತಿದ್ದಳು, ಅಷ್ಟೇ. ಆ ಕೋಣೆಯಲ್ಲಿ ಕೂತಾಗ, ನಮ್ಮನ್ನು ನೋಡಿ ಹಾಗೆಯೇ ಅಂದುಕೊಳ್ಳುವವರಿದ್ದಾರೆ ಎಂದು ತಿಳಿಯಿತು. ಒಂದೇ ದೇಶ, ಒಂದೇ ಗುರುತಿನ ಚೀಟಿ. ಎಷ್ಟು ವರ್ಷ ಬದುಕಬೇಕೆಂದು ಹುಟ್ಟಿದ ಜಾಗ ತೀರ್ಮಾನಿಸುತ್ತದೆ. ಅದನ್ನು ಹಣೆಬರಹ ಎಂದು ನಾವೇ ಹೇಳಿಕೊಂಡು ತಿಥಿ ಊಟ ಮಾಡಿ ಕೈ ತೊಳೆದುಕೊಳ್ಳುತ್ತೇವೆ. ಹಣೆಬರಹವಂತೆ! ಯಾವ ಆಸ್ಪತ್ರೆಗೆ ಯಾವ ವಾರ ಔಷಧಿಯ ಪೆಟ್ಟಿಗೆ ಹೋಗಬೇಕೆಂದು ಬರೆಯುವವನು ಬ್ರಹ್ಮನಲ್ಲ. ಎಲ್ಲೋ ಕುರ್ಚಿಯ ಮೇಲೆ ಕೂತ ನನ್ನಂಥದೇ ಒಬ್ಬ ನೌಕರ.

ನನ್ನ ತಪ್ಪನ್ನು ತಿದ್ದಲು ಅಕ್ಕನ ಆಧಾರ್ ಕಾರ್ಡು, ರೇಷನ್ ಕಾರ್ಡು, ಅಫಿಡವಿಟ್ಟು ಹಿಡಿದು ನಗರದ ನೋಂದಣಿ ಕಚೇರಿಗೆ ಮೂರು ಸಲ ಹೋದೆ. ಕೌಂಟರಿನವನಿಗೆ ನಾನೇಕೆ ಬರುತ್ತಿದ್ದೇನೆಂದೇ ಅರ್ಥವಾಗಲಿಲ್ಲ.

"ಸರ್ಟಿಫಿಕೇಟ್ ಸಿಕ್ಕಿದೆ. ಹೆಸರು ಸರಿ ಇದೆ. ಅಡ್ರೆಸ್ಸಿಂದ ಏನಾಗ್ಬೇಕು ಮೇಡಂ? ಆಸ್ತಿ ತಕರಾರಾ?"

"ಆಸ್ತಿ ಅಲ್ಲಪ್ಪ. ನಮ್ಮಕ್ಕ ಪೀಣ್ಯದಲ್ಲಿ ಒಂದು ದಿನವೂ ಇದ್ದೋಳಲ್ಲ. ಪೀಣ್ಯದಲ್ಲಿ ಇದ್ದಿದ್ರೆ ಸಾಯ್ತಿರ್ಲಿಲ್ಲ. ಅದಕ್ಕೇ ಬದಲಾಯಿಸ್ಬೇಕು."

ಅವನು ತಲೆ ಎತ್ತಿ ನೋಡಿದ. ಆಮೇಲೆ ಅರ್ಜಿ ತೆಗೆದುಕೊಂಡ. ಮೂರನೆಯ ಸಲ ಹೋದಾಗ ತಿದ್ದಿದ ಪತ್ರ ಕೈಗೆ ಬಂತು. ವಾಸಸ್ಥಳದ ಮುಂದೆ ನಮ್ಮ ಊರಿನ ಹೆಸರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಗೆದ್ದೆ ಅನಿಸಲಿಲ್ಲ. ಅಕ್ಕ ಊರಿಗೆ ಬಂದಳು ಅನಿಸಿತು, ಅಷ್ಟೇ.

ಪಟ್ಟಿಯನ್ನು ಅಧಿಕಾರಿಗಳಿಗೆ ಕೊಟ್ಟೆ. ಅವರು ಪೂರ್ತಿ ಓದಿದರು, ಅದನ್ನು ಒಪ್ಪಿಕೊಳ್ಳಬೇಕು. ಕೊನೆಗೆ, "ಇದನ್ನ ಹಾಕೋಕೆ ನಮ್ಮ ವರದೀಲಿ ಕಾಲಂ ಇಲ್ಲ ಮೇಡಂ" ಎಂದರು. "ಗ್ರಾಮಸಭೇಲಿ ಬಂದ್ರೆ ನಡಾವಳಿ ಆಗುತ್ತೆ. ಆಗ ನಾನು ಮೇಲಕ್ಕೆ ಕಳಿಸ್ಬಹುದು."

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಚರಂಡಿ, ಬೀದಿದೀಪ, ಮನೆ ಹಂಚಿಕೆ ಎಲ್ಲ ಮುಗಿದ ಮೇಲೆ ಅಧ್ಯಕ್ಷೆ ನನಗೆ ಮೈಕು ಕೊಟ್ಟರು. ಪಟ್ಟಿ ಓದತೊಡಗಿದೆ. ಹಿಂದಿನಿಂದ ಒಬ್ಬ ಹಿರಿಯರು, "ಏನ್ ಮೇಡಮ್ನೋರೇ, ಒಳ್ಳೆ ಹೊತ್ತಲ್ಲಿ ಸತ್ತೋರ ಹೆಸರು ಕೂಗ್ತೀರಾ? ಅಪಶಕುನ ಅಲ್ವಾ?" ಎಂದರು. ನಾನು ನಿಲ್ಲಿಸಲಿಲ್ಲ. ಅಕ್ಕನ ಹೆಸರಿನವರೆಗೆ ಓದಿದೆ. ಅಷ್ಟರಲ್ಲಿ ಅಕ್ಕನ ಮಗಳು ಹೆಂಗಸರ ಸಾಲಿನಿಂದ ಎದ್ದು ಬಂದು ಮೈಕು ತೆಗೆದುಕೊಂಡಳು. ಹಿಂದೆಂದೂ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ.

"ನಮ್ಮಮ್ಮನ್ನ ಉಳಿಸೋ ಔಷಧಿ ಇಲ್ಲೇ ಇತ್ತು. ನನ್ನ ಕೈಯಲ್ಲೇ ಇತ್ತು. ನಮ್ಮ ಹೊಲದ ಮೇಲೆ ಕಟ್ಟಿರೋ ಗೋಡೌನಲ್ಲಿ ಇತ್ತು. ಅದು ಅಷ್ಟು ದೂರ ವಿಮಾನದಲ್ಲಿ ಹೋಗುತ್ತೆ, ನಮ್ಮ ಆಸ್ಪತ್ರೆಗೆ ಯಾಕ್ ಬರಲ್ಲ? ಯಾರಾದ್ರೂ ಹೇಳಿ. ಅಪಶಕುನ ಅಂತೆ! ಇನ್ನೇನು ಆಗೋದು ಬಾಕಿ ಇದೆ ನಮಗೆ?"

ಆಮೇಲೆ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಮ್ಮನೆಯೋರ್ನ ಬಿಟ್ಬಿಟ್ಟಿದೀರಾ ಮೇಡಂ. ಬರ್ಕೊಳ್ಳಿ" ಎಂದಳು. ಇನ್ನೊಬ್ಬ ಎದ್ದ. ಮತ್ತೊಬ್ಬ. ನನ್ನ ಪಟ್ಟಿ ಎಷ್ಟು ಅರೆಬರೆ ಎಂದು ನನಗೆ ಅಂದು ತಿಳಿಯಿತು. ಬಿಸಿಲು ಏರುವವರೆಗೆ ಬರೆದೆ. ಮೊದಲು ಗದರಿದ್ದ ಹಿರಿಯರು ಕೊನೆಯಲ್ಲಿ ಬಂದು, ತಮ್ಮ ಹೆಂಡತಿಯ ಹೆಸರನ್ನು ಕಿವಿಯ ಹತ್ತಿರ ಹೇಳಿ ಹೋದರು.

ಹೋಬಳಿಯಲ್ಲೇ ಒಂದು ಆಂಬುಲೆನ್ಸು ನಿಲ್ಲಬೇಕು, ಪೇಟೆಯ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಒಂದು ದಿನವೂ ಖಾಲಿಯಾಗಬಾರದು, ಊರಿನವರ ಸಾವನ್ನು ಊರಿನ ಲೆಕ್ಕದಲ್ಲಿ ತೋರಿಸಬೇಕು ಎಂದು ನಡಾವಳಿಯಾಯಿತು. ಮೂರನೆಯದಕ್ಕೆ ಇನ್ನೂ ಉತ್ತರವಿಲ್ಲ. ಎರಡನೆಯದಕ್ಕೆ, ಬೇಡಿಕೆಯನ್ನು ಪರಿಶೀಲಿಸಲಾಗುತ್ತಿದೆ ಎಂಬ ಒಂದು ಸಾಲಿನ ಪತ್ರ ಬಂದಿದೆ. ಆ ಪತ್ರ ನನ್ನ ಮೇಜಿನ ಗಾಜಿನ ಕೆಳಗಿದೆ. ದಿನವೂ ನೋಡುತ್ತೇನೆ, ದಿನವೂ ಮೈ ಉರಿಯುತ್ತದೆ.

ಆಂಬುಲೆನ್ಸು ಮಾತ್ರ ಬಂತು, ಆರು ತಿಂಗಳ ಮೇಲೆ. ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಉದ್ಘಾಟನೆ ಮಾಡಿದರು. ಭಾಷಣಗಳಾದವು. ಮಾತಾಡಿದವರೆಲ್ಲ ಇದು ತಮ್ಮ ಕೊಡುಗೆ ಎಂದರು. ಆಮೇಲೆ ಗಾಡಿಯ ಮುಂದೆ ಸಾಲಾಗಿ ನಿಂತು, "ಬನ್ನಿ ಮೇಡಂ, ಫೋಟೋಗೆ ನಿಲ್ಲಿ" ಎಂದು ಕರೆದರು. ನಾನು ನಿಲ್ಲಲಿಲ್ಲ. ಸತ್ತವರು ಕೊಡಿಸಿದ ಗಾಡಿಯ ಮುಂದೆ ಹಲ್ಲು ಕಿರಿದು ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಡ್ರೈವರಿನ ಹತ್ತಿರ ಹೋಗಿ ಅವನ ಫೋನ್ ನಂಬರು ತೆಗೆದುಕೊಂಡೆ. ಅಕ್ಕನ ಮಗಳು ಬಣ್ಣದ ಡಬ್ಬಿ, ಕುಂಚ ತಂದಿದ್ದಳು. ಆ ಮಧ್ಯಾಹ್ನ ಇಬ್ಬರೂ ಐದೂ ಊರಿನ ಡೈರಿಗಳಿಗೆ ಹೋಗಿ, ಹಾಲು ಹಾಕಲು ಬರುವ ಹೆಂಗಸರ ಕಣ್ಣಿಗೆ ಬೀಳುವ ಹಾಗೆ ಗೋಡೆಯ ಮೇಲೆ ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದೆವು.